ವ್ಯಾನಿನ ತಳಕ್ಕೆ ಮಾವ ಕಟ್ಟಿದ ಪರಾತ

ನಮ್ಮ ಮಾವನ ಕತ್ತು ಸದಾ ಹಿಂದಕ್ಕೆ ವಾಲಿಕೊಂಡಿರುತ್ತಿತ್ತು. ಗದ್ದ ಮೇಲೆ, ಕಣ್ಣು ಅರೆಮುಚ್ಚಿ, ಎದುರಿಗಿದ್ದವರನ್ನು ಮೂಗಿನ ತುದಿಯಿಂದ ಅಳೆಯುತ್ತಿರುವ ಹಾಗೆ ಕಾಣುತ್ತಿದ್ದರು. ಗೊತ್ತಿಲ್ಲದವರು ಈ ಮನುಷ್ಯನಿಗೆ ಸೊಕ್ಕು ಅಂದುಕೊಳ್ಳುತ್ತಿದ್ದರು. ಮದುವೆಯಾಗಿ ಕೋಟನೂರಿನ ಆ ಮನೆಗೆ ಬಂದಾಗ ನಾನೂ ಹಾಗೇ ಅಂದುಕೊಂಡೆ. ಎಷ್ಟೋ ದಿನದ ಮೇಲೆ ಅತ್ತೆ ವಿಷಯ ಹೇಳಿದರು. ಮಾವ ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದವರು. ಬಸ್ಸಿನ ಅಡಿಯ ಗುಂಡಿಯೊಳಗೆ ನಿಂತು ಮೇಲಕ್ಕೆ ನೋಡುತ್ತಲೇ ಅಷ್ಟು ಕಾಲ ಕಳೆದಿದ್ದರು. ನಿವೃತ್ತಿಯಾಗಿ ಗುಂಡಿಯಿಂದ ಹೊರಗೆ ಬಂದರೂ ಕತ್ತು ಹಾಗೇ ನಿಂತುಬಿಟ್ಟಿತ್ತು.

ಮಾತು ಕಡಿಮೆ. ಮುಂಜಾನೆ ಚಹಾ ಕುಡಿದು ಬಾಗಿಲ ಮುಂದಿನ ಹೊರಸಿನ ಮೇಲೆ ಕೂತರೆ ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳುವುದೇ ಕೆಲಸ. ಕಣ್ಣು ಮುಚ್ಚಿಕೊಂಡೇ, "ಇಂವಂದು ಬೆಲ್ಟ್ ಇವತ್ತಿಲ್ಲ ನಾಳಿ ಹರೀತದ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಹುಣ್ಣಿಮೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬುದ್ಧ ವಿಹಾರಕ್ಕೆ ಹೋಗಿ ಬರುತ್ತಿದ್ದರು. ಯಾವ ಗಾಡಿ ಹತ್ತಿದರೂ ಮುಂದಿನ ಸೀಟಿನಲ್ಲಿ ಕೂರುತ್ತಿರಲಿಲ್ಲ. ಹಿಂದಿನ ಚಕ್ರದ ಮೇಲಿನ ಸೀಟು, ಎಲ್ಲರೂ ಬೇಡವೆನ್ನುವ ಆ ಜಾಗ, ಅವರದು. ಯಾಕೆ ಎಂದು ನಾನು ಕೇಳಿರಲಿಲ್ಲ. ನಮ್ಮಿಬ್ಬರ ನಡುವೆ ಅಷ್ಟು ಮಾತೇ ಇರಲಿಲ್ಲ. ಊಟಕ್ಕೆ ಕರೆಯುವುದಿದ್ದರೂ ನಾನು ಅತ್ತೆಗೆ ಹೇಳುತ್ತಿದ್ದೆ, ಅತ್ತೆ ಅವರಿಗೆ ಹೇಳುತ್ತಿದ್ದರು. ಮೊದಲ ಎಂಟು ವರ್ಷ ಹೀಗೇ ನಡೆಯಿತು.

ನಾನು ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೋಟನೂರು ಕಲಬುರಗಿಯ ಒಂದು ತುದಿಗಾದರೆ ಕಮಲಾಪುರದ ರಸ್ತೆ ಹಿಡಿಯುವುದು ಇನ್ನೊಂದು ತುದಿಯಲ್ಲಿ. ಎರಡು ಬಸ್ಸು ಬದಲಿಸಿ ಹೋಗಿ ಬಂದು ಸಾಕಾಗಿ, ಡ್ರೈವಿಂಗ್ ಕಲಿತು, ಒಂದು ಹಳೆಯ ವ್ಯಾನು ಕೊಂಡೆ. ಅದೇ ಶಾಲೆಯ ನಾಲ್ವರು ಶಿಕ್ಷಕಿಯರು ಜೊತೆಯಾದರು. ಇಬ್ಬರು ಜೇವರ್ಗಿ ಕಾಲೋನಿಯಲ್ಲಿ, ಇಬ್ಬರು ಖೂಬಾ ಪ್ಲಾಟಿನಲ್ಲಿ ಹತ್ತುತ್ತಿದ್ದರು. ಆ ಒಂದು ಗಂಟೆಯ ದಾರಿ ದಿನದಲ್ಲಿ ನಮ್ಮದೇ ಆದ ಹೊತ್ತಾಗಿತ್ತು. ಮನೆಯ ಮಾತು ಶಾಲೆಗೆ ಮುಟ್ಟುವುದರೊಳಗೆ ಮುಗಿಯುತ್ತಿತ್ತು, ಶಾಲೆಯ ಮಾತು ಮನೆಗೆ ಮುಟ್ಟುವುದರೊಳಗೆ.

ಒಂದು ವರ್ಷದ ಮೇಲೆ ಎಂಜಿನ್ನಿನ ಬಿಸಿ ಹೊಗೆ ಹೊರಬಿಡುವ ಸೈಲೆನ್ಸರ್ ಪೈಪು ತುಕ್ಕು ಹಿಡಿದು ತೂತಾಯಿತು. ಆ ಮಾದರಿಯ ಪೈಪು ಈಗ ಬರುವುದಿಲ್ಲವೆಂದು ಒಂದು ಗ್ಯಾರೇಜಿನವರು ಬೇರೆ ಗಾಡಿಯದನ್ನು ಬಗ್ಗಿಸಿ, ಬೆಸೆದು ಕೂಡಿಸಿ ಕೊಟ್ಟರು. ಸದ್ದು ನಿಂತಿತು. ನಾವು ಅದನ್ನು ಮರೆತೆವು. ಎರಡು ತಿಂಗಳಾದ ಮೇಲೆ ವ್ಯಾನು ನಿಲ್ಲಿಸಿದಲ್ಲಿ ನೆಲದ ಮೇಲೆ ಎಣ್ಣೆಯ ಹನಿ ಕಾಣಿಸತೊಡಗಿತು. ಹಿಂದಿನ ಎರಡು ಚಕ್ರಗಳ ನಡುವೆ ಕಬ್ಬಿಣದ ದೊಡ್ಡ ಗಡ್ಡೆಯಂತೆ ಡಿಫರೆನ್ಷಿಯಲ್ ಇರುತ್ತದೆ. ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಹಂಚುವ ಹಲ್ಲುಗಾಲಿಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಮಾವನ ಡಿಪೋ ಭಾಷೆಯಲ್ಲಿ ಅದು 'ಹೌಸಿಂಗ್'. ಎಣ್ಣೆ ಹೊರಗೆ ಬರದಂತೆ ಅದರ ಬಾಯಿಗೆ ರಬ್ಬರಿನ ಬಳೆಯಂಥ ಒಂದು ಸೀಲ್ ಇರುತ್ತದೆ. ಆ ಸೀಲ್ ಹೋಗಿದೆ ಎಂದು ಗ್ಯಾರೇಜಿನವರು ಹೊಸದು ಹಾಕಿದರು. ಎರಡು ತಿಂಗಳಿಗೆ ಅದೂ ಹೋಯಿತು. ಮತ್ತೊಂದು ಗ್ಯಾರೇಜಿಗೆ ಒಯ್ದೆವು. ಅವರೂ ಸೀಲ್ ಬದಲಿಸಿದರು.

"ಹಳೇ ಗಾಡಿ ಅಂದ್ರ ಇಷ್ಟೇ" ಎಂದರು ನನ್ನ ಗಂಡ. ಮನೆಯಲ್ಲೇ ಇದ್ದ ಮೆಕ್ಯಾನಿಕ್‌ನನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬಸ್ಸು ನೋಡಿದವರಿಗೆ ವ್ಯಾನು ಏನು ಗೊತ್ತು ಎಂಬ ಭಾವನೆ ಗಂಡನಿಗಿತ್ತು. ಮಾವ ತಾವಾಗಿ ಏನೂ ಹೇಳುವವರಲ್ಲ.

ಒಂದು ಮುಂಜಾನೆ ಮಹಾಗಾಂವ ಕ್ರಾಸ್ ಇನ್ನೂ ಸ್ವಲ್ಪ ದೂರವಿದೆ ಅನ್ನುವಾಗ ಹಿಂದಿನಿಂದ ದುಂಬಿ ಗುಂಯ್‌ಗುಟ್ಟುವಂಥ ಸದ್ದು ಬಂತು. ಹೊಸ ಡಾಂಬರಿನ ಸದ್ದಿರಬೇಕು ಅಂದುಕೊಂಡೆ. ಹಿಂದೆ ಕೂತವರು ಯಾರದೋ ಮದುವೆಯ ಸೀರೆಯ ಮಾತಿನಲ್ಲಿದ್ದರು. ಒಮ್ಮೆಲೇ ಹಿಂದಿನ ಚಕ್ರಗಳು ಕಚ್ಚಿಕೊಂಡು ನಿಂತವು. ವ್ಯಾನು ನನ್ನ ಕೈ ಮಾತು ಕೇಳದೆ ರಸ್ತೆಗೆ ಅಡ್ಡ ತಿರುಗಿತು. ಹಿಂದೆ ಬರುತ್ತಿದ್ದ ಲಾರಿಯವನು ಡಾಂಬರು ಬಿಟ್ಟು ಮಣ್ಣಿಗಿಳಿದು, ಹಾರನ್ ಒತ್ತಿಕೊಂಡೇ ನಮ್ಮನ್ನು ದಾಟಿ ಹೋದ. ಗಣಿತದ ಟೀಚರ್ ಹಣೆ ಮುಂದಿನ ಸೀಟಿಗೆ ಬಡಿದು ಬಾವು ಬಂತು. ಉಳಿದವರಿಗೆ ಏನೂ ಆಗಲಿಲ್ಲ. ಕೆಳಗಿಳಿದು ನಿಂತಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಎಣ್ಣೆಯೆಲ್ಲ ಸೋರಿ ಹೋಗಿ, ಒಳಗಿನ ಬೇರಿಂಗ್ ಒಣಗಿ ಹಿಡಿದಿತ್ತು. ಗಾಡಿಯನ್ನು ಎಳೆದುಕೊಂಡು ಬಂದು ಗ್ಯಾರೇಜಿಗೆ ಹಾಕಿದೆವು. ಆ ಸಂಜೆ ಗಂಡ ನಿಂತುಕೊಂಡೇ ಹೇಳಿದರು.

"ಸಾಕು. ರಿಪೇರಿ ಮಾಡ್ಸಿ ಮಾರಿಬಿಡೂಣು. ನೀ ಬಸ್ಸಿಗಿ ಹೋಗು. ಇವತ್ತ ಆ ಲಾರಿ ಹೊಡದಿದ್ರ ಐದ್ ಮನಿಗಿ ನಾ ಏನಂತ ಹೇಳ್ಲಿ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಖೂಬಾ ಪ್ಲಾಟಿನ ಇಬ್ಬರು ಆಗಲೇ ಫೋನ್ ಮಾಡಿ, ಮನೆಯಲ್ಲಿ ಬೇಡವೆನ್ನುತ್ತಾರೆ, ಇನ್ನು ಬಸ್ಸಿಗೇ ಹೋಗುತ್ತೇವೆ ಎಂದಿದ್ದರು. ಹೊರಗೆ ಹೊರಸಿನಿಂದ ಮಾವನ ದನಿ ಬಂತು.

"ಕಿತ್ತಿದ್ದ ಹಳೇ ಸೀಲ್ ಎಲ್ಲದ?"

ಗ್ಯಾರೇಜಿನಲ್ಲಿರಬೇಕು ಎಂದರು ಗಂಡ. ಮರುದಿನ ಮಾವ ತಾವೇ ಬಸ್ಸು ಹತ್ತಿ ಹೋಗಿ ಅದನ್ನು ಕಾಗದದಲ್ಲಿ ಸುತ್ತಿಕೊಂಡು ಬಂದರು. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ನೇರವಾಗಿ ನನ್ನನ್ನೇ ಕರೆದರು. ಹಾಗೆ ಕರೆದದ್ದು ಅದೇ ಮೊದಲು.

"ಯವ್ವಾ, ಇಲ್ಲಿ ಬಾ. ನೀ ಸೈನ್ಸ್ ಟೀಚರ್ ಅಲ್ಲ? ಇದನ್ನ ಜರಾ ಬಗ್ಗಸು."

ಬಗ್ಗಿಸಿದೆ. ಹಪ್ಪಳದ ಹಾಗೆ ಟಕ್ಕೆಂದು ಮುರಿಯಿತು.

"ರಬ್ಬರ್ ಹ್ಯಾಂಗ ಮುರೀತು?"

"ಹಳೇದಾಗಿ ಸವದಿರಬೇಕ್ರಿ ಮಾವ್ರೀ."

"ಸವದಿದ್ರ ಅಂಚ ತೆಳ್ಳಗಾಗ್ತಿತ್ತು. ಅಂಚ ಹಂಗೇ ಅದ ನೋಡು. ಇದು ಸವದಿಲ್ಲ, ಬೆಂದದ. ಸೀಲ್ ತಾನಾಗೇ ಕೆಡಾಕತ್ತಿಲ್ಲ, ಹೊರಗಿನ ಶಾಖಾ ಅದನ್ನ ಸುಡಾಕತ್ತದ."

ಶಾಖ ಮೂರು ಬಗೆಯಲ್ಲಿ ಹರಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ವಹನ, ಸಂವಹನ, ವಿಕಿರಣ. ಮೂರಕ್ಕೂ ಉದಾಹರಣೆ ಕೊಡಿಸಿ ಬಾಯಿಪಾಠ ಮಾಡಿಸುತ್ತೇನೆ. ಮೂರು ಸೀಲ್ ಸುಟ್ಟರೂ ನನಗೆ ಆ ಯೋಚನೆ ಬಂದಿರಲಿಲ್ಲ.

ವ್ಯಾನು ರಿಪೇರಿಯಾಗಿ ಮನೆಗೆ ಬಂದ ದಿನ ಮಾವ ಹಳೆಯ ಖಾಕಿ ಪ್ಯಾಂಟು ತೊಟ್ಟು, ಗೋಣಿಚೀಲ ಹಾಸಿ, ಅದರ ಅಡಿಗೆ ಹೋದರು. ಹೊಸ ಸೈಲೆನ್ಸರ್ ಪೈಪು ಹೌಸಿಂಗಿನ ಎಡಕ್ಕೆ ತುಸು ಮೇಲೆ, ನಾಲ್ಕು ಬೆರಳು ದೂರದಲ್ಲಿ ಹಾದು ಹೋಗಿತ್ತು. ಮೊದಲಿನ ಪೈಪು ಅದರಿಂದ ಗೇಣು ದೂರವಿತ್ತಂತೆ. ಎಣ್ಣೆ ಡಬ್ಬಿಯೊಂದನ್ನು ಕತ್ತರಿಸಿ, ತಟ್ಟಿ, ಹೌಸಿಂಗಿನ ಬೋಲ್ಟುಗಳಿಗೇ ಅದನ್ನು ಸಿಕ್ಕಿಸಿ ಮರೆ ಮಾಡಿದರು. ಪೈಪಿಗೂ ತಗಡಿಗೂ ನಡುವೆ ಎರಡು ಬೆರಳು ಜಾಗ ಉಳಿಯಿತು. ಗಂಡನಿಗೆ, "ಒಂದ್ ತಿಂಗಳ ತಡಿ. ಆಮ್ಯಾಲ ಮಾರಾದಿದ್ರ ಮಾರು" ಎಂದರು. ನನಗೆ, "ಹೋಗವ್ವ, ಇನ್ನ ಏನೂ ಆಗಂಗಿಲ್ಲ" ಎಂದರು.

ಮಾರನೆಯ ದಿನವೇ ಆಯಿತು. ಧೈರ್ಯ ಮಾಡಿ ಬಂದ ಜೇವರ್ಗಿ ಕಾಲೋನಿಯ ಇಬ್ಬರ ಜೊತೆಗೆ ಅವರ ಪಕ್ಕದ ಮನೆಯವರು ಮೂವರು ಊರ ಹೊರಗಿನವರೆಗೆ ಬರುತ್ತೇವೆಂದು ಹತ್ತಿದ್ದರು. ಮೊದಲನೇ ದೊಡ್ಡ ರೋಡ್ ಹಂಪಿನ ಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಎರಡನೆಯದಕ್ಕೆ ತಗಡು ಹರಿದು ರಸ್ತೆಗೆ ಉಜ್ಜುತ್ತ ಕಿಡಿ ಕಾರತೊಡಗಿತು. ಹಿಂದೆ ಕೂತಿದ್ದ ಗಣಿತದ ಟೀಚರ್ ಕೂಗಿಕೊಂಡರು. ಅಲ್ಲಿಂದಲೇ ಅವರನ್ನೆಲ್ಲ ಆಟೊ ಹತ್ತಿಸಿ ಮನೆಗೆ ತಿರುಗಿದೆ.

ಗಂಡ ಆಫೀಸಿಗೆ ಹೊರಟು ನಿಂತಿದ್ದರು. ಜೋತಾಡುತ್ತಿದ್ದ ತಗಡನ್ನು ನೋಡಿ, "ಇದಕ್ಕೇ ನಾ ಹೇಳಿದ್ದೆ" ಎಂದರು. ಇನ್ನೂ ಏನೋ ಹೇಳುವುದರಲ್ಲಿದ್ದರು. ಮಾವ ಹೊರಸಿನಿಂದ ಎದ್ದು ಬಂದರು. ಓಣಿಯ ನಾಲ್ಕು ಜನ ನಿಂತು ನೋಡುತ್ತಿದ್ದರು.

"ಅಕಿಗಿ ಏನೂ ಅನಬ್ಯಾಡ. ತಪ್ಪ ನಂದು. ಖಾಲಿ ಗಾಡಿ ನೋಡಿ ಅಳತಿ ತಗೊಂಡೆ."

ಹೆತ್ತ ಮಗನ ಎದುರಿಗೆ, ಓಣಿಯ ಎದುರಿಗೆ, ಕತ್ತು ಹಿಂದಕ್ಕೆ ವಾಲಿದ ಆ ಮನುಷ್ಯ ಅಷ್ಟು ಸಲೀಸಾಗಿ ಅದನ್ನು ಹೇಳಿದ್ದು ನನಗೆ ಇವತ್ತಿಗೂ ಆಶ್ಚರ್ಯ. ಗಂಡ ಸ್ಕೂಟರ್ ಹತ್ತಿ ಹೋದರು.

ಆ ಭಾನುವಾರ ಮಾವ ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯಿಂದ ನೆಲಕ್ಕೆ ಹಾಸುವ ಶಹಾಬಾದಿ ಫರಸಿ ಕಲ್ಲುಗಳನ್ನು ಕೇಳಿ ತಂದು, ಎರಡು ಸಾಲಾಗಿ ಒಂದರ ಮೇಲೊಂದು ಜೋಡಿಸಿದರು. ನಾನು ವ್ಯಾನನ್ನು ನಿಧಾನವಾಗಿ ಅದರ ಮೇಲೆ ಹತ್ತಿಸಿದೆ. ಆಮೇಲೆ ಓಣಿಯವರನ್ನೆಲ್ಲ ಕರೆದು ವ್ಯಾನಿನಲ್ಲಿ ಕೂರಿಸಿದರು. ಎದುರು ಮನೆಯ ದರ್ಜಿ, ಅವನ ಹೆಂಡತಿ, ಪಕ್ಕದ ಮನೆಯ ಇಬ್ಬರು ಹೆಂಗಸರು, ಕೊನೆಗೆ ಅತ್ತೆ.

"ಎಲ್ಲಿಗಿ ಹೊಂಟದ ಇದು?" ಎಂದರು ಅತ್ತೆ.

"ಎಲ್ಲಿಗೂ ಹೋಗಂಗಿಲ್ಲ. ಗಪ್ಪ ಕುಂದ್ರು."

ದರ್ಜಿ ಕಿಟಕಿಯಿಂದ ತಲೆ ಹಾಕಿ, "ಕಾಕಾ, ಕಮಲಾಪುರ ಬಂದ್ರ ಹೇಳ್ರಿ, ಇಳೀತೀನಿ" ಎಂದ. ಓಣಿಯೆಲ್ಲ ನಕ್ಕಿತು. ಮಾವ ನಗಲಿಲ್ಲ. ಗೋಣಿಚೀಲದ ಮೇಲೆ ಜಾರಿ ಅಡಿಗೆ ಹೋದವರು ಅಲ್ಲಿಂದ ನನ್ನನ್ನು ಕರೆದರು. ಮಾವನ ಪಕ್ಕದಲ್ಲಿ ಸೊಸೆ ನೆಲದ ಮೇಲೆ ಅಂಗಾತ ಮಲಗುವುದು ನಮ್ಮ ಓಣಿಯಲ್ಲಿ ಯಾರೂ ಕಂಡದ್ದಲ್ಲ. ಒಂದು ಕ್ಷಣ ನಿಂತೆ. ಆಮೇಲೆ ಸೆರಗು ಸೊಂಟಕ್ಕೆ ಬಿಗಿದು ಅಡಿಗೆ ಹೋದೆ.

"ಇಲ್ಲಿ ಬೆರಳ ಇಡು."

ಹೌಸಿಂಗಿಗೂ ಪೈಪಿಗೂ ನಡುವೆ ನನ್ನ ಒಂದು ಬೆರಳು ಮಾತ್ರ ಹಿಡಿಯಿತು. ಜನ ಕೂತ ಭಾರಕ್ಕೆ ವ್ಯಾನಿನ ಮೈ ಕೆಳಗಿಳಿದಿತ್ತು. ಮೈಗೆ ಕಟ್ಟಿದ ಪೈಪೂ ಅದರ ಜೊತೆ ಇಳಿದಿತ್ತು. ಚಕ್ರದ ಮೇಲೆ ಕೂತ ಹೌಸಿಂಗ್ ಮಾತ್ರ ಇದ್ದಲ್ಲೇ ಇತ್ತು.

"ಖಾಲಿ ಗಾಡಿ ಸುಳ್ಳ ಹೇಳ್ತದವ್ವ. ಗ್ಯಾರೇಜಿನ್ಯಾವ್ರು ಖಾಲಿ ಗಾಡಿ ಎತ್ತಿ ನೋಡ್ಯಾರ. ನಾನೂ ಅದನ್ನೇ ಮಾಡ್ದೆ. ಅಷ್ಟ ವರ್ಷ ಡಿಪೋದಾಗ ಖಾಲಿ ಬಸ್ಸೇ ನೋಡಿದ್ದು, ಅಲ್ಲ?"

ನಂತರ ಅದೇ ಜನರನ್ನು ಕೂರಿಸಿಕೊಂಡು ಜೇವರ್ಗಿ ರಸ್ತೆಯಲ್ಲಿ ಒಂದು ದೊಡ್ಡ ಸುತ್ತು ಹಾಕಿ ಬರಲು ಹೇಳಿದರು. ಬಂದ ಕೂಡಲೇ ಒಂದು ಚೊಂಬು ನೀರು ಹಿಡಿದು ಮತ್ತೆ ಅಡಿಗೆ.

"ಹಂಚ ಕಾದದ್ದು ನೀವು ಹ್ಯಾಂಗ ನೋಡ್ತೀರಿ?"

"ನೀರ ಚಿಮುಕಸ್ತೀವ್ರಿ."

"ಚಿಮುಕಸು ಹಂಗಾರ."

ಹೌಸಿಂಗಿನ ಬಲಬದಿಗೆ ಚಿಮುಕಿಸಿದ ನೀರು ಹನಿಯಾಗಿ ನಿಂತು ಮೆಲ್ಲಗೆ ಆರಿತು. ಪೈಪಿನ ಕಡೆಯ ಎಡಬದಿಗೆ ಬಿದ್ದದ್ದು ಚುರ್ರೆಂದು ಹಾರಿಹೋಯಿತು. ನಾನು ಮತ್ತೊಮ್ಮೆ ಚಿಮುಕಿಸಿದೆ. ಮತ್ತೆ ಚುರ್ರೆಂದಿತು. ಒಂದೇ ಕಬ್ಬಿಣ, ಒಂದೇ ಎಣ್ಣೆ, ಒಂದು ಮಗ್ಗುಲು ಮಾತ್ರ ರೊಟ್ಟಿ ಹಂಚಿನಂತೆ ಕಾದಿತ್ತು.

ಈ ಸಲ ತಗಡನ್ನು ಹೌಸಿಂಗಿಗೆ ಕಟ್ಟಲಿಲ್ಲ. ಪೈಪಿಗೇ ಕಟ್ಟಬೇಕು, ಆಗ ಪೈಪು ಇಳಿದರೆ ತಗಡೂ ಇಳಿಯುತ್ತದೆ, ಒಂದಕ್ಕೊಂದು ಬಡಿಯುವುದಿಲ್ಲ ಎಂದರು. ಅದಕ್ಕೂ ಮೊದಲು ಪೈಪನ್ನು ತೂಗುಹಾಕಿದ ರಬ್ಬರನ್ನು ಗಿಡ್ಡ ಮಾಡಿ, ಅದನ್ನು ಬದಿಗೆಳೆದು, ಎರಡು ಬೆರಳು ಜಾಗ ಗಳಿಸಿದರು. ತಗಡಿಗಿಂತ ಹೊಳೆಯುವ ಅಲ್ಯೂಮಿನಿಯಂ ಒಳ್ಳೆಯದು ಎಂದು ಅಡುಗೆಮನೆಗೆ ಹೋದವರು, ಅತ್ತೆ ರೊಟ್ಟಿ ಹಿಟ್ಟು ನಾದುವ ಅಗಲವಾದ ಪರಾತ ಹಿಡಿದು ಹೊರಬಂದರು.

"ಹಿಟ್ಟ ನಾದೋ ಪರಾತ ಒಯ್ದು ಗಾಡಿ ತಳಗ ಹಾಕ್ತೀರೇನು? ನಿಮಗ ಬುದ್ಧಿ ಅದನಾ?" ಅತ್ತೆ ಬೆನ್ನಟ್ಟಿ ಬಂದರು.

"ಸೊಸಿ ಜೀವಕ್ಕಿಂತ ಹೆಚ್ಚಿಂದೇನು ಇದು?"

ಅತ್ತೆ ಅಲ್ಲೇ ನಿಂತರು. ನಾನು ತಲೆ ತಗ್ಗಿಸಿ ಬೋಲ್ಟುಗಳನ್ನು ಆರಿಸುತ್ತಿದ್ದೆ. ಮಾವ ಆ ಮಾತನ್ನು ನನ್ನ ಕಡೆ ನೋಡದೆ, ಪರಾತವನ್ನು ಬಿಸಿಲಿಗೆ ಹಿಡಿದು ದಪ್ಪ ನೋಡುತ್ತ ಹೇಳಿದ್ದರು.

ಪರಾತ ಕತ್ತರಿಸಿ, ಪೈಪಿನ ಸುತ್ತ ಅರ್ಧಚಂದ್ರದಂತೆ ಬಾಗಿಸಿದರು. ಪೈಪಿಗೆ ತಾಗದಂತೆ ನಾಲ್ಕು ಕಡೆ ನಟ್ಟುಗಳನ್ನು ನಡುವೆ ಇಟ್ಟು ಪಟ್ಟಿ ಬಿಗಿದರು. ತಾಗಿದರೆ ಏನಾಗುತ್ತದೆ ಎಂದು ಕೇಳಿದೆ. "ತಾಗಿದ್ರ ಇದೂ ಕಾದು ಹಂಚಾಗ್ತದ. ನಡುವ ಗಾಳಿ ಆಡಬೇಕು. ತಡಿಯೋದು ಪರಾತ ಒಂದೇ ಅಲ್ಲ, ಗಾಳಿನೂ ತಡೀತದ" ಎಂದರು. ನನ್ನ ಮೂರು ಪಾಠಗಳೂ ಆ ಒಂದು ಮಾತಿನಲ್ಲಿದ್ದವು.

ಆದರೆ ಪರಾತ ಕಟ್ಟಿದಷ್ಟಕ್ಕೆ ಜನ ಬರುವುದಿಲ್ಲವಲ್ಲ. ಗಣಿತದ ಟೀಚರ್ ಕೂಡ ಈಗ ಬಸ್ಸಿಗೇ ಹೋಗುತ್ತಿದ್ದರು. ಮಾವ ಸೋಮವಾರ ಮುಂಜಾನೆ ಆ ಬಿಳಿ ಅಂಗಿ ತೊಟ್ಟು, ನೀರಿನ ಬಾಟಲಿ ಹಿಡಿದು ನನಗಿಂತ ಮೊದಲೇ ವ್ಯಾನಿನ ಹತ್ತಿರ ನಿಂತಿದ್ದರು. ಜೇವರ್ಗಿ ಕಾಲೋನಿಯಲ್ಲಿ, ಖೂಬಾ ಪ್ಲಾಟಿನಲ್ಲಿ, ನಾಲ್ವರ ಬಾಗಿಲಿಗೂ ತಾವೇ ಇಳಿದು ಹೋದರು. "ನಾ ಹಿಂದ ಹೌಸಿಂಗ್ ಮ್ಯಾಲೇ ಕುಂದರ್ತೀನ್ರಿ. ಗಾಡಿ ಹಿಂದಿಂದೇ ಮಾತಾಡ್ತದ. ಏನರ ಆಗೋದಿದ್ರ ಮದಲ ನನಗ ತಿಳೀತದ" ಎಂದರಂತೆ. ಆ ದಿನ ಇಬ್ಬರು ಬಂದರು. ಬುಧವಾರದ ಹೊತ್ತಿಗೆ ನಾಲ್ವರೂ.

ಆರು ದಿನ ಅವರು ನಮ್ಮ ಜೊತೆ ಕಮಲಾಪುರಕ್ಕೆ ಬಂದರು. ಮೊದಲ ದಿನ ವ್ಯಾನಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹಿರಿಯ ಗಂಡಸರೊಬ್ಬರು ಹಿಂದೆ ಕಣ್ಣು ಮುಚ್ಚಿ ಕೂತಿದ್ದರೆ ನಾವು ಏನು ಮಾತಾಡುವುದು? ಮೂರನೆಯ ದಿನ ಅವರೇ ಕಣ್ಣು ಬಿಟ್ಟು, "ಮಾತಾಡ್ರೆವ್ವ. ನಾ ಗಾಡಿದಷ್ಟೇ ಕೇಳಾಕತ್ತೀನಿ" ಎಂದರು. ಅಲ್ಲಿಂದ ಮುಂದೆ ಮದುವೆ ಸೀರೆಯ ಮಾತು ಮತ್ತೆ ಶುರುವಾಯಿತು.

ಶಾಲೆಯ ಅಂಗಳದಲ್ಲಿ ವ್ಯಾನು ನಿಂತ ಕೂಡಲೇ ಅವರು ಅಡಿಗೆ ಹೋಗಿ ನೀರು ಚಿಮುಕಿಸುತ್ತಿದ್ದರು. ನಾವು ಐವರೂ ಬ್ಯಾಗು ಹಿಡಿದು ಬಗ್ಗಿ ನಿಂತು ಕಾಯುತ್ತಿದ್ದೆವು. ಎಡಕ್ಕೂ ಬಲಕ್ಕೂ ನೀರು ಒಂದೇ ಹಾಗೆ ನಿಂತು, ಒಂದೇ ಹಾಗೆ ಆರಿತು. ಶನಿವಾರ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, "ಇನ್ನ ಸೋಮಾರದಿಂದ ನಾ ಒಲ್ಲೆ. ನೀವು ಭಾಳ ಮಾತಾಡ್ತೀರಿ" ಎಂದರು. ಗಣಿತದ ಟೀಚರ್ ಅವರಿಗೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಡಜನ್ ಕೊಟ್ಟರು. ದಾರಿಯಲ್ಲಿ ಮಾವ ಎಲ್ಲರಿಗೂ ಒಂದೊಂದು ಹಂಚಿ, ಉಳಿದದ್ದನ್ನು ಪರಾತದ ಬದಲಿಗೆ ಎಂದು ಅತ್ತೆಗೆ ಕೊಟ್ಟರು.

ಒಂದು ತಿಂಗಳಾಯಿತು, ಎರಡಾಯಿತು. ನೆಲದ ಮೇಲೆ ಹನಿ ಬೀಳಲಿಲ್ಲ. ಗಂಡ ಮಾರುವ ಮಾತು ಎತ್ತಲಿಲ್ಲ. ಒಂದು ದಿನ ತಾವೇ ಬಗ್ಗಿ ಅಡಿಗೆ ನೋಡುತ್ತಿದ್ದುದನ್ನು ಕಂಡೆ. ನನ್ನನ್ನು ಕಂಡು, "ಗಟ್ಟಿ ಕಟ್ಟ್ಯಾನ ಅಪ್ಪ" ಎಂದರು. ಆ ಸೀಲ್ ಇಟ್ಟುಕೊಂಡು ವ್ಯಾನು ಆರು ವರ್ಷ ಓಡಿತು.

ನನ್ನ ಮತ್ತು ಮಾವನ ಮಾತು ಆಮೇಲೆ ಬಹಳ ಬೆಳೆಯಿತು ಎಂದೇನಿಲ್ಲ. ಸಂಜೆ ನಾನು ಬಂದಾಗ, "ಏನಂತದ?" ಎನ್ನುತ್ತಿದ್ದರು. ಗಾಡಿಯನ್ನು ಕೇಳುತ್ತಿದ್ದಾರೋ ನನ್ನನ್ನೋ ಗೊತ್ತಾಗುತ್ತಿರಲಿಲ್ಲ. "ಛಲೋ ಅದರಿ" ಎನ್ನುತ್ತಿದ್ದೆ. ಅಷ್ಟೇ.

ಅವರು ತೀರಿಕೊಂಡಾಗ ನಾನು ಕಮಲಾಪುರದಲ್ಲಿದ್ದೆ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ ಎಂದು ಗಂಡ ಫೋನ್ ಮಾಡಿದರು. ಬೇರೆ ಡ್ರೈವರ್ ಕರೆಯೋಣ ಎಂದರು ಜೊತೆಯವರು. ನಾನೇ ಓಡಿಸಿದೆ. ನಾಲ್ವರೂ ಮನೆಯವರೆಗೆ ಬಂದರು. ಡಿಪೋದ ಹಳಬರು ಬಂದಿದ್ದರು. ಬುದ್ಧ ವಿಹಾರದ ಭಿಕ್ಷು, ಭಂತೇಜಿ, ಬಂದು ತ್ರಿಸರಣದ ಪ್ರಾರ್ಥನೆ ಹೇಳಿದರು. ಮಲಗಿಸಿದ ಮೇಲೂ ಕತ್ತು ನೆಟ್ಟಗಾಗಲಿಲ್ಲವೆಂದು ದರ್ಜಿ ತಲೆಯ ಕೆಳಗೆ ಒಂದು ಬಟ್ಟೆ ಮಡಿಚಿ ಇಟ್ಟ.

ಮರುವರ್ಷ ವ್ಯಾನು ಮಾರಿದೆವು. ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ ಹೆಂಡತಿಯ ಜೊತೆ ಬಂದು ಕೊಂಡ. ಭಾರ ಹೇರುವ ಗಾಡಿಯಾಗುತ್ತದೆ ಎಂದು ತಿಳಿದು, ಕೀಲಿ ಕೊಡುವ ಮೊದಲು ಅವನನ್ನು ನಿಲ್ಲಿಸಿದೆ. ಗೋಣಿಚೀಲ ಹಾಸಿ ನಾನೇ ಅಡಿಗೆ ಹೋಗಿ ಅವನನ್ನೂ ಕರೆದೆ. ಪರಾತದ ತುಂಡು ತೋರಿಸಿ, ಯಾವ ಮೆಕ್ಯಾನಿಕ್ ಕೀಳು ಅಂದರೂ ಇದನ್ನು ಕೀಳಬೇಡ, ಪೈಪಿಗೆ ತಾಗಲು ಬಿಡಬೇಡ, ನೋಡುವುದಿದ್ದರೆ ಬಾಳೆಗೊನೆ ತುಂಬಿದ ಮೇಲೆ ನೋಡು ಎಂದು ಹೇಳಿದೆ. ಅವನು ಕಣ್ಣರಳಿಸಿ ಕೇಳುತ್ತಿದ್ದ.

"ಮೇಡಂ, ನೀವು ಗ್ಯಾರೇಜಿನ್ಯಾಗ ಕೆಲಸ ಮಾಡೀರೇನ್ರಿ?"

"ಇಲ್ಲ, ಸಾಲ್ಯಾಗ ಕಲಸ್ತೀನಿ. ಇದನ್ನ ನನಗ ನಮ್ಮ ಮಾವ ಕಲಿಸ್ಯಾರ. ನಾ ಇವತ್ತ ಗಾಡಿ ಹೊಡೀತೀನಿ ಅಂದ್ರ ಅವರಿಂದೇ."

ವ್ಯಾನು ಓಣಿ ತಿರುಗಿ ಹೋಯಿತು. ನಾನು ಸೀರೆಯ ಧೂಳು ಕೊಡವಿಕೊಂಡು ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಮ್ಮ ಮಾತೆಲ್ಲ ಅವರಿಗೆ ಕೇಳಿಸಿತ್ತು.

"ಈ ಮಾತ ಅವರಿದ್ದಾಗ ಅವರ ಮುಂದ ಒಂದ್ ಸಲ ಆಡಬೇಕಿತ್ತವ್ವ" ಎಂದರು.

ಸಿಟ್ಟಿನಿಂದ ಹೇಳಿದ್ದಲ್ಲ. ನಾನು "ಹೌದ್ರಿ ಅತ್ತಿ" ಎಂದೆ. ಅವರು ನನ್ನ ಬೆನ್ನಿಗೆ ಹತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿ ಒಳಗೆ ಹೋದರು.